ಇಂಗ್ಲಿಷ್ ಪದವನ್ನು ಸಂಧಿ ಬಿಡಿಸಿದಂತೆ ಬಿಡಿಸುವ ಕ್ರಮ

‘ಸಜ್ಜನ’ ಎಂದರೆ ಸತ್ + ಜನ, ‘ಉಲ್ಲಾಸ’ ಎಂದರೆ ಉತ್ + ಲಾಸ. ಕನ್ನಡ ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ‘ಹೃ’ ಎಂಬ ಒಂದೇ ಧಾತುವಿಗೆ ಉಪಸರ್ಗ ಬದಲಾಗುತ್ತಾ ಹೋದರೆ ಆಹಾರ, ವಿಹಾರ, ಸಂಹಾರ, ಪರಿಹಾರ ಆಗುತ್ತದೆ ಎಂಬುದೂ ಗೊತ್ತಿರುತ್ತದೆ. ಇಂಗ್ಲಿಷಿನ ಉದ್ದುದ್ದ ಪದಗಳಲ್ಲಿ ಬಹಳಷ್ಟನ್ನು ಕಟ್ಟಿರುವುದೂ ಹೀಗೆಯೇ: ಮುಂದೊಂದು ಲ್ಯಾಟಿನ್ ಉಪಸರ್ಗ, ನಡುವೆ ಧಾತು, ಕೊನೆಗೆ ಪ್ರತ್ಯಯ, ಅವು ಸೇರುವ ಕಡೆ ಸಂಧಿ. ಆದರೂ ಇಂಗ್ಲಿಷ್ ಪುಸ್ತಕ ತೆರೆದ ಕೂಡಲೇ ಕೈಯಲ್ಲಿರುವ ಈ ವಿದ್ಯೆಯನ್ನು ಬದಿಗಿಟ್ಟು ಸ್ಪೆಲ್ಲಿಂಗ್ ಉರು ಹೊಡೆಯಲು ಕೂರುತ್ತೇವೆ. ಪದವನ್ನು ಬಿಡಿಸುವುದು ಹೇಗೆ, ಎಲ್ಲೆಲ್ಲಿ ತಪ್ಪಾಗುತ್ತದೆ, ಯಾಕೆ ತಪ್ಪಾಗುತ್ತದೆ ಎಂಬುದು ಇಲ್ಲಿದೆ.

ಮೊದಲು ಎರಡು ಸಂಗತಿ ತಿಳಿದಿರಲಿ. ಲ್ಯಾಟಿನ್ ಪದಗಳು ಇಂಗ್ಲಿಷಿಗೆ ಮುಖ್ಯವಾಗಿ ಎರಡು ಬಾಗಿಲಿನಿಂದ ಬಂದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ಬಾಯಲ್ಲಿ ಸವೆದು ಬಂದವು ಒಂದು ಬಗೆ. 16, 17ನೇ ಶತಮಾನಗಳಲ್ಲಿ ವಿದ್ವಾಂಸರು ಗ್ರಂಥಗಳಿಂದ ನೇರವಾಗಿ ಎತ್ತಿಕೊಂಡವು ಇನ್ನೊಂದು ಬಗೆ. ಹಾಗಾಗಿ ಒಂದೇ ಲ್ಯಾಟಿನ್ ಪದ ಎರಡು ವೇಷದಲ್ಲಿ ಸಿಗುತ್ತದೆ: ‘ಶ್ಯೂರ್’ ಮತ್ತು ‘ಸೆಕ್ಯೂರ್’ ಎರಡೂ ‘ಚಿಂತೆಯಿಲ್ಲದ’ ಎಂಬ ಅರ್ಥದ ‘ಸೆಕೂರುಸ್’ ಪದದ ಮಕ್ಕಳು. ‘ರಾಯಲ್’ ಮತ್ತು ‘ರೀಗಲ್’ ಕೂಡ ಹಾಗೆಯೇ. ನಮಗೆ ತದ್ಭವ, ತತ್ಸಮ ಇದ್ದಂತೆ ಎಂದುಕೊಳ್ಳಿ. ಬಿಡಿಸಲು ಸುಲಭವಾಗುವವು ಗ್ರಂಥದಿಂದ ಬಂದವೇ.

ಎರಡನೆಯದು, ಲ್ಯಾಟಿನ್ನಿಗೂ ಸಂಸ್ಕೃತಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. 1786ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾತನಾಡುತ್ತಾ ವಿಲಿಯಂ ಜೋನ್ಸ್ ಈ ಭಾಷೆಗಳಿಗೆ ಒಂದೇ ಮೂಲ ಇರಬೇಕು ಎಂದರು. ಲ್ಯಾಟಿನ್ನಿನ ‘ಪ್ರೊ’ ನಮ್ಮ ‘ಪ್ರ’, ‘ಇಂತೆರ್’ ನಮ್ಮ ‘ಅಂತರ್’, ‘ಸುಪೆರ್’ ನಮ್ಮ ‘ಉಪರಿ’, ‘ಇಲ್ಲ’ ಎನ್ನುವ ‘ಇನ್’ ನಮ್ಮ ‘ಅನ್’, ಹೊರುವ ಅರ್ಥದ ‘ಫೆರ್’ ಧಾತು ನಮ್ಮ ‘ಭೃ’. ಕನ್ನಡ ಬೇರೆ ಕುಲದ ಭಾಷೆಯಾದರೂ ಸಂಸ್ಕೃತದಿಂದ ಪಡೆದ ಪದಗಳ ಮೂಲಕ ಈ ಕೀಲಿಕೈ ಕನ್ನಡಿಗರ ಬಳಿಯೂ ಇದೆ.

ಈ ಲೇಖನದಲ್ಲಿ ಲ್ಯಾಟಿನ್ ತುಣುಕುಗಳನ್ನು ಲ್ಯಾಟಿನ್ ಉಚ್ಚಾರದಂತೆ ಬರೆದಿದೆ. ‘ಅದ್’ ಎಂದರೆ ಎ-ಡಿ, ‘ಒಬ್’ ಎಂದರೆ ಓ-ಬಿ, ‘ಸುಬ್’ ಎಂದರೆ ನಾವು ‘ಸಬ್’ ಎನ್ನುವುದು, ‘ಕೊನ್’ ಎಂದರೆ ಸಿ-ಓ-ಎನ್.

ಬೇಕಾದದ್ದು

ನೂರು ಪುಟದ ಒಂದು ನೋಟ್‌ಬುಕ್, ಮತ್ತು ಪದದ ವ್ಯುತ್ಪತ್ತಿ ಕೊಡುವ ಒಂದು ನಿಘಂಟು. ಮೆರಿಯಂ-ವೆಬ್‌ಸ್ಟರ್, ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ ಎರಡೂ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಇಂಗ್ಲಿಷ್-ಕನ್ನಡ ನಿಘಂಟು ಅರ್ಥ ನೋಡಲು ಸಾಕು. ಬಿಡಿಸಿದ್ದು ಸರಿಯೇ ಎಂದು ನೋಡಲು ವ್ಯುತ್ಪತ್ತಿ ಇರುವ ನಿಘಂಟೇ ಬೇಕು. ನೋಟ್‌ಬುಕ್ಕಿನಲ್ಲಿ ಒಂದು ಪುಟಕ್ಕೆ ಒಂದೇ ಧಾತು. ಪದಗಳನ್ನು ಅಕಾರಾದಿಯಾಗಿ ಬರೆದರೆ ಮನೆತನ ಒಡೆದುಹೋಗುತ್ತದೆ, ನೆನಪಿನಲ್ಲಿ ಉಳಿಯುವುದಿಲ್ಲ. ದಿನಕ್ಕೆ ಐದು ಪದ ಸಾಕು.

ಮೊದಲ ಹೆಜ್ಜೆ: ಬಾಲದಿಂದ ಶುರು ಮಾಡಿ

ಪ್ರತ್ಯಯವನ್ನು ಮೊದಲು ಕಳಚಬೇಕು, ಏಕೆಂದರೆ ಉಪಸರ್ಗ ವೇಷ ಬದಲಿಸಿದಷ್ಟು ಪ್ರತ್ಯಯ ಬದಲಿಸುವುದಿಲ್ಲ. ‘ಇನ್‌ಸ್ಪೆಕ್ಟರ್’ ಪದದ ಕೊನೆಯ ಓ-ಆರ್ ‘ಮಾಡುವವನು’ ಎಂಬ ಕರ್ತೃವನ್ನು ಹೇಳುತ್ತದೆ. ಕಂಡಕ್ಟರ್, ಕಲೆಕ್ಟರ್, ಟ್ರ್ಯಾಕ್ಟರ್ ಎಲ್ಲದರಲ್ಲೂ ಅದೇ. ಟ್ರ್ಯಾಕ್ಟರ್ ಎಂದರೆ ಎಳೆಯುವಂಥದ್ದು, ಕಲೆಕ್ಟರ್ ಎಂದರೆ ಒಟ್ಟುಗೂಡಿಸುವವನು.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ‘ಇನ್‌ಸ್ಪೆಕ್ಷನ್’ ಪದದಿಂದ ಟಿ-ಐ-ಓ-ಎನ್ ಅನ್ನು ಒಟ್ಟಿಗೆ ಕತ್ತರಿಸುತ್ತಾರೆ. ಹಾಗೆ ಕತ್ತರಿಸಿದರೆ ಧಾತು ಕುಂಟುತ್ತದೆ. ಆ ಟಿ ಧಾತುವಿನ ರೂಪಕ್ಕೆ ಸೇರಿದ್ದು. ಬರೇ ಐ-ಓ-ಎನ್ ಕತ್ತರಿಸಿ. ಆಗ ‘ಇನ್‌ಸ್ಪೆಕ್ಟ್’ ಇಡಿಯಾಗಿ ಉಳಿಯುತ್ತದೆ. ‘ಆ್ಯಕ್ಷನ್’, ‘ಎಲೆಕ್ಷನ್’, ‘ಇಂಜೆಕ್ಷನ್’ ಹೀಗೆಯೇ ಬಿಡಿಸಿ ನೋಡಿ.

‘ಏಬಲ್’ ಮತ್ತು ‘ಇಬಲ್’ ನಡುವಿನ ಗೊಂದಲ ಲ್ಯಾಟಿನ್ನಿನಿಂದಲೇ ಬಂದದ್ದು. ಅಲ್ಲಿ ಕ್ರಿಯಾಪದಗಳಿಗೆ ಗುಂಪುಗಳಿದ್ದವು. ‘ಆರೆ’ ಎಂದು ಮುಗಿಯುವ ಗುಂಪು ಎ ಅಕ್ಷರವನ್ನು ಉಳಿಸಿಕೊಂಡಿತು, ಮಿಕ್ಕವು ಐ ಪಡೆದವು. ಬರೆಯುವಾಗ ಸಂಶಯ ಬಂದರೆ ಆ ಪದದ ನಾಮರೂಪವನ್ನು ಹೇಳಿಕೊಳ್ಳಿ. ನಾಮರೂಪ ‘ಏಷನ್’ ಎಂದು ಮುಗಿದರೆ ‘ಏಬಲ್’: ಅಪ್ಲಿಕೇಷನ್ ಇದ್ದದ್ದಕ್ಕೆ ಅಪ್ಲಿಕಬಲ್, ಟಾಲರೇಷನ್ ಇದ್ದದ್ದಕ್ಕೆ ಟಾಲರಬಲ್. ನಡುವೆ ಎ ಇಲ್ಲದೆ ಬರೇ ‘ಷನ್’ ಅಥವಾ ‘ಝನ್’ ಬಂದರೆ ಸಾಮಾನ್ಯವಾಗಿ ‘ಇಬಲ್’: ವಿಷನ್-ವಿಸಿಬಲ್, ಪರ್ಮಿಷನ್-ಪರ್ಮಿಸಿಬಲ್, ಡಿವಿಷನ್-ಡಿವಿಸಿಬಲ್. ‘ಪ್ರಿಡಿಕ್ಷನ್’ ಇದ್ದೂ ‘ಪ್ರಿಡಿಕ್ಟಬಲ್’ ಪದದಲ್ಲಿ ಎ ಬರುತ್ತದೆ. ಇದು ನಿಯಮಕ್ಕೆ ಹೊರಗು, ಉರು ಹೊಡೆಯಲೇಬೇಕು.

ಎ-ಎನ್-ಟಿ, ಇ-ಎನ್-ಟಿ ಗೊಂದಲಕ್ಕೂ ಇದೇ ಉಪಾಯ ಅರ್ಧ ಕೆಲಸ ಮಾಡುತ್ತದೆ: ಕನ್ಸಲ್ಟೇಷನ್ ಇರುವುದರಿಂದ ಕನ್ಸಲ್ಟೆಂಟ್ ಪದಕ್ಕೆ ಎ, ಅಪ್ಲಿಕೇಷನ್ ಇರುವುದರಿಂದ ಅಪ್ಲಿಕೆಂಟ್ ಪದಕ್ಕೆ ಎ. ಇನ್ನರ್ಧ ಕೈಕೊಡಲು ಕಾರಣ ಫ್ರೆಂಚ್. ಅದು ಎಲ್ಲ ಗುಂಪುಗಳನ್ನೂ ಎ-ಎನ್-ಟಿ ಮಾಡಿಬಿಟ್ಟಿತ್ತು. ‘ಟೆನೆಂಟ್’, ‘ಅಟೆಂಡೆಂಟ್’ ಪದಗಳಲ್ಲಿ ಲ್ಯಾಟಿನ್ ಪ್ರಕಾರ ಇ ಇರಬೇಕಿತ್ತು, ಇರುವುದು ಎ.

ಪ್ರತ್ಯಯದಲ್ಲೂ ಒಂದು ಸೊಗಸಾದ ಸಂಗತಿ ಇದೆ. ‘ಸಂಬಂಧಿಸಿದ’ ಎಂಬ ಅರ್ಥಕ್ಕೆ ‘ಅಲ್’ ಹಚ್ಚುತ್ತೇವೆ: ಮಾರಲ್, ಸೆಂಟ್ರಲ್, ನ್ಯಾಷನಲ್. ಆದರೆ ಸೋಲಾರ್, ಪಾಪ್ಯುಲರ್, ಸರ್ಕ್ಯುಲರ್, ರೆಗ್ಯುಲರ್ ಪದಗಳಲ್ಲಿ ಅದೇ ಪ್ರತ್ಯಯ ‘ಅರ್’ ಆಗಿದೆ. ಹತ್ತಿರದಲ್ಲೇ ಒಂದು ಲಕಾರ ಇರುವಾಗ ಮತ್ತೊಂದು ಲಕಾರ ನಾಲಿಗೆಗೆ ತೊಡಕು, ಅದಕ್ಕೆ ರಕಾರ. ‘ಲೀಗಲ್’, ‘ಲೋಕಲ್’ ಪದಗಳಲ್ಲಿ ಲಕಾರ ಇದ್ದರೂ ನಡುವೆ ಜಿ, ಸಿ ಅಡ್ಡ ಬಂದದ್ದರಿಂದ ಪ್ರತ್ಯಯ ಬದಲಾಗದೆ ಉಳಿದಿದೆ.

ಎರಡನೆಯ ಹೆಜ್ಜೆ: ಉಪಸರ್ಗದ ಸಂಧಿ ಬಿಡಿಸಿ

ಇದೇ ಈ ವಿದ್ಯೆಯ ಹೃದಯ. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಅಕ್ಷರ ಯಾವಾಗ ಜೋಡಿಯಾಗುತ್ತದೆ ಎಂಬ ತಲೆನೋವಿಗೆ ಬಹುಪಾಲು ಮದ್ದು ಇಲ್ಲೇ ಸಿಗುತ್ತದೆ. ಕನ್ನಡದಲ್ಲಿ ‘ಉಲ್ಲಾಸ’ ಎಂದಾಗ ಒತ್ತು ಕಿವಿಗೆ ಕೇಳುತ್ತದೆ. ಇಂಗ್ಲಿಷಿನಲ್ಲಿ ಈ ಜೋಡಿ ಅಕ್ಷರ ಬರವಣಿಗೆಯಲ್ಲಿದೆ, ಬಾಯಲ್ಲಿಲ್ಲ. ಕೇಳಿಸದ್ದನ್ನು ಕಿವಿಯಿಂದ ಹಿಡಿಯಲಾಗದು, ಬಿಡಿಸಿಯೇ ಹಿಡಿಯಬೇಕು.

‘ಕಡೆಗೆ’ ಎಂಬ ಅರ್ಥದ ‘ಅದ್’ ಎಲ್ಲರಿಗಿಂತ ಹೆಚ್ಚು ವೇಷ ಹಾಕುತ್ತದೆ. ಮುಂದೆ ಸಿ, ಎಫ್, ಜಿ, ಎಲ್, ಎನ್, ಪಿ, ಆರ್, ಎಸ್, ಟಿ ಬಂದರೆ ಡಿ ಅಕ್ಷರ ಹೋಗಿ ಮುಂದಿನ ಅಕ್ಷರವೇ ಇಮ್ಮಡಿಯಾಗುತ್ತದೆ. ‘ಅಟೆಂಡೆನ್ಸ್’ ಎಂದರೆ ಅದ್ + ತೆಂದ್, ಹಾಗಾಗಿ ಟಿ ಎರಡು. ‘ಅಗ್ರೆಸಿವ್’ ಎಂದರೆ ಅದ್ + ಗ್ರೆಸ್, ಜಿ ಎರಡು. ‘ಅರೆಸ್ಟ್’, ‘ಅಪಾಯಿಂಟ್’, ‘ಅನೌನ್ಸ್’ ಎಲ್ಲ ಇದೇ ಸಾಲು. ಕ್ಯೂ ಮುಂದಿದ್ದರೆ ಡಿ ಸಿ ಆಗುತ್ತದೆ. ‘ಅಕ್ವೈರ್’ ಪದದಲ್ಲಿ ಕ್ಯೂ ಹಿಂದೆ ಸಿ ಅಡಗಿರುವುದು ಅದಕ್ಕೇ, ಬರೆಯುವವರು ಬಿಡುವುದೂ ಅದನ್ನೇ. ಡಿ, ಜೆ, ಎಮ್, ವಿ, ಎಚ್ ಅಥವಾ ಸ್ವರ ಬಂದರೆ ‘ಅದ್’ ಹಾಗೇ ಉಳಿಯುತ್ತದೆ: ಅಡ್ಮಿಟ್, ಅಡ್ಜಸ್ಟ್, ಅಡ್ವರ್ಬ್, ಅಡಾಪ್ಟ್.

‘ಜೊತೆಗೆ, ಪೂರ್ತಿಯಾಗಿ’ ಎಂಬ ‘ಕೊನ್’ ನಮ್ಮ ‘ಸಂ’ ಉಪಸರ್ಗದ ಕೆಲಸ ಮಾಡುತ್ತದೆ. ಬಿ, ಪಿ, ಎಮ್ ಮುಂದೆ ‘ಕೊಮ್’, ಎಲ್ ಮುಂದೆ ‘ಕೊಲ್’, ಆರ್ ಮುಂದೆ ‘ಕೊರ್’, ಸ್ವರ ಮತ್ತು ಎಚ್ ಮುಂದೆ ಬರೇ ‘ಕೊ’. ‘ಕೆಳಗಿನಿಂದ’ ಎಂಬ ‘ಸುಬ್’: ‘ಸಪೋರ್ಟ್’ ಎಂದರೆ ಕೆಳಗಿನಿಂದ ಹೊರುವುದು, ‘ಸಫರ್’ ಎಂದರೂ ಕೆಳಗಿದ್ದು ಭಾರ ತಾಳುವುದು, ಪಿ ಎರಡು, ಎಫ್ ಎರಡು. ‘ಎದುರು’ ಎಂಬ ‘ಒಬ್’: ಆಪೋಸಿಟ್ ಪದಕ್ಕೆ ಪಿ ಎರಡು, ಆಫರ್ ಪದಕ್ಕೆ ಎಫ್ ಎರಡು. ಆದರೆ ‘ಒಮಿಟ್’ ಪದದಲ್ಲಿ ಬಿ ಲ್ಯಾಟಿನ್ನಿನಲ್ಲೇ ಬಿದ್ದುಹೋಗಿತ್ತು, ಹಾಗಾಗಿ ಎಮ್ ಒಂದೇ. ‘ಕಮಿಟ್’ ಪದದಲ್ಲಿ ಎರಡು.

ಇನ್ನೊಂದು ಕಡೆ, ಸ್ವರದಿಂದ ಮುಗಿಯುವ ‘ರೆ’, ‘ಪ್ರೊ’, ‘ದೆ’ ಉಪಸರ್ಗಗಳಿಗೆ ಈ ಸಂಧಿಯೇ ಇಲ್ಲ. ‘ಪ್ರೊಫೆಸರ್’ ಎಂದರೆ ಪ್ರೊ + ಫೆಸ್ + ಓ-ಆರ್: ಎಫ್ ಒಂದು, ಎಸ್ ಎರಡು. ‘ರೆಕಮೆಂಡ್’ ಎಂದರೆ ರೆ + ಕೊಮ್ + ಮೆಂದ್: ಸಿ ಒಂದು, ಎಮ್ ಎರಡು. ‘ಡಿಸಪಾಯಿಂಟ್’ ಎಂದರೆ ದಿಸ್ + ಅದ್ + ಪಾಯಿಂಟ್: ಎಸ್ ಒಂದು, ಪಿ ಎರಡು.

ಈಗ ಅತಿ ಹೆಚ್ಚು ತಪ್ಪಾಗುವ ಪದವನ್ನು ಹತ್ತಿರದಿಂದ ನೋಡೋಣ. ಲಾಡ್ಜಿನ ಬೋರ್ಡಿನಲ್ಲಿ ‘ಅಕಾಮಡೇಷನ್’ ಎಂದು ಇಂಗ್ಲಿಷಿನಲ್ಲಿ ಬರೆಸುತ್ತಾರಲ್ಲ, ಅದು. ಕೊನೆಯ ‘ಏಷನ್’ ಕಳಚಿ. ಉಳಿದದ್ದರಲ್ಲಿ ಧಾತು ‘ಮೊದ್’, ಅಂದರೆ ಅಳತೆ. ‘ಮೋಡ್’, ‘ಮಾಡೆಲ್’ ಪದಗಳಲ್ಲೂ ಇರುವುದು ಅದೇ. ಅದರ ಹಿಂದೆ ‘ಕೊಮ್’: ಅಳತೆಗೆ ಒಪ್ಪುವಂಥದ್ದು. ಕೊಮ್ ಕೊನೆಯ ಎಮ್, ಮೊದ್ ಮೊದಲ ಎಮ್ ಸೇರಿ ಎಮ್ ಎರಡಾಯಿತು. ಅದರ ಹಿಂದೆ ಇನ್ನೊಂದು ಉಪಸರ್ಗ ‘ಅದ್’. ಮುಂದೆ ಸಿ ಇರುವುದರಿಂದ ಡಿ ಹೋಗಿ ಸಿ ಎರಡಾಯಿತು. ಅದ್ + ಕೊಮ್ + ಮೊದ್ + ಏಷನ್. ಧಾತುವಿನ ಡಿ ಒಂದೇ. ಒಮ್ಮೆ ಕೈಯಾರೆ ಹೀಗೆ ಬಿಡಿಸಿ ಬರೆದವರು ಮತ್ತೆ ಸಿ ಎಷ್ಟು, ಎಮ್ ಎಷ್ಟು ಎಂದು ತಡವರಿಸುವುದಿಲ್ಲ.

‘ಹೊರಗೆ’ ಎಂಬ ‘ಎಕ್ಸ್’ ಮಾಡುವ ಕೆಲಸ ಇದಕ್ಕೆ ವಿರುದ್ಧ. ಅದು ಮುಂದಿನ ಎಸ್ ಅಕ್ಷರವನ್ನು ನುಂಗುತ್ತದೆ. ‘ಎಕ್ಸ್‌ಪೆಕ್ಟ್’ ಎಂದರೆ ಎಕ್ಸ್ + ಸ್ಪೆಕ್ತ್, ಹೊರಗೆ ನೋಡುವುದು. ಕನ್ನಡದ ‘ಎದುರುನೋಡು’ ಅದೇ ಚಿತ್ರ. ‘ನಿರೀಕ್ಷಿಸು’ ಬಿಡಿಸಿ: ನಿರ್ + ಈಕ್ಷ್, ಅಲ್ಲೂ ಹೊರಗೆ ನೋಡುವುದೇ.

ಮೂರನೆಯ ಹೆಜ್ಜೆ: ಧಾತುವಿನ ಎರಡು ಮುಖ ಗುರುತಿಸಿ

ಧಾತುವಿನ ಒಂದೇ ರೂಪ ಕಲಿತರೆ ಅರ್ಧ ಮನೆತನ ಕೈತಪ್ಪುತ್ತದೆ. ಲ್ಯಾಟಿನ್ ಕ್ರಿಯಾಪದಕ್ಕೆ ವರ್ತಮಾನದ ಒಂದು ರೂಪ, ಕೃದಂತದ ಇನ್ನೊಂದು ರೂಪ ಇರುತ್ತದೆ. ಇಂಗ್ಲಿಷ್ ಎರಡರಿಂದಲೂ ಪದ ಮಾಡಿಕೊಂಡಿದೆ. ‘ಡಿಸ್ಕ್ರೈಬ್’ ಆದರೆ ‘ಡಿಸ್ಕ್ರಿಪ್ಷನ್’, ‘ರಿಸೀವ್’ ಆದರೆ ‘ರಿಸೆಪ್ಷನ್’, ‘ಇಂಟ್ರೊಡ್ಯೂಸ್’ ಆದರೆ ‘ಇಂಟ್ರೊಡಕ್ಷನ್’. ನಾವು ‘ವಚ್’ ಧಾತುವಿನಿಂದ ‘ವಚನ’ ಮತ್ತು ‘ಉಕ್ತಿ’ ಎರಡನ್ನೂ ಪಡೆದಂತೆ. ಎಲ್ಲಕ್ಕಿಂತ ವಿಚಿತ್ರ ಹೊರುವ ಧಾತು ‘ಫೆರ್’. ಅದರ ಕೃದಂತ ‘ಲಾತ್’, ಎರಡಕ್ಕೂ ಒಂದಕ್ಷರದ ನಂಟಿಲ್ಲ. ಆದ್ದರಿಂದ ‘ಟ್ರಾನ್ಸ್‌ಫರ್’ ಮತ್ತು ‘ಟ್ರಾನ್ಸ್‌ಲೇಟ್’ ಒಂದೇ ತಾಯಿಯ ಮಕ್ಕಳು, ಎರಡರ ಮೂಲಾರ್ಥವೂ ‘ಆಚೆಗೆ ಹೊತ್ತೊಯ್ಯುವುದು’. ‘ರೆಫರ್’ ಮತ್ತು ‘ರಿಲೇಟ್’ ಇನ್ನೊಂದು ಜೋಡಿ.

‘ಷನ್’ ಬರೆಯುವಾಗ ಟಿ ಹಾಕಬೇಕೋ ಎಸ್ ಹಾಕಬೇಕೋ ಎಂಬುದೂ ಇಲ್ಲೇ ತೀರ್ಮಾನವಾಗುತ್ತದೆ. ಡಿ ಅಥವಾ ಟಿ ವ್ಯಂಜನದಿಂದ ಮುಗಿಯುವ ಧಾತುಗಳು ಕೃದಂತದಲ್ಲಿ ಎಸ್ ಪಡೆಯುವುದು ಹೆಚ್ಚು: ಡಿಸೈಡ್-ಡಿಸಿಷನ್, ಪರ್ಮಿಟ್-ಪರ್ಮಿಷನ್, ಎಕ್ಸ್‌ಪ್ಯಾಂಡ್-ಎಕ್ಸ್‌ಪ್ಯಾನ್ಷನ್, ಸಸ್ಪೆಂಡ್-ಸಸ್ಪೆನ್ಷನ್. ಆದರೆ ‘ತೆಂದ್’ ಧಾತುವಿಗೆ ಲ್ಯಾಟಿನ್ನಿನಲ್ಲೇ ಎರಡು ಕೃದಂತ ಇದ್ದವು. ಅದಕ್ಕೇ ‘ಎಕ್ಸ್‌ಟೆನ್ಷನ್’ ಪದದಲ್ಲಿ ಎಸ್, ‘ಅಟೆನ್ಷನ್’ ಮತ್ತು ‘ಇಂಟೆನ್ಷನ್’ ಪದಗಳಲ್ಲಿ ಟಿ. ಇವನ್ನು ಬೇರೆ ಪುಟದಲ್ಲಿ ಒಟ್ಟಿಗೆ ಬರೆದುಕೊಳ್ಳಿ.

ಉಪಸರ್ಗ ಸೇರಿದಾಗ ಧಾತುವಿನ ಸ್ವರ ಕುಗ್ಗುವುದೂ ಉಂಟು. ವರ್ಷ ಎಂಬ ‘ಅನ್ನ್’ ಇರುವುದು ‘ಆ್ಯನುಯಲ್’ ಪದದಲ್ಲಿ. ‘ಪೆರೆನಿಯಲ್’ ಪದದಲ್ಲಿ ಅದು ‘ಎನ್ನ್’ ಆಗಿದೆ, ಎನ್ ಮಾತ್ರ ಎರಡೇ ಉಳಿದಿದೆ. ಸ್ನೇಹಿತ ಎಂಬ ‘ಅಮೀಕುಸ್’ ಹಿಂದೆ ‘ಅಲ್ಲ’ ಎನ್ನುವ ‘ಇನ್’ ಸೇರಿ ‘ಇನಿಮೀಕುಸ್’ ಆಯಿತು, ಫ್ರೆಂಚಿನಲ್ಲಿ ಸವೆದು ‘ಎನಿಮಿ’ ಆಗಿ ಬಂತು. ಸಂಸ್ಕೃತದಲ್ಲೂ ಶತ್ರುವಿಗೆ ‘ಅಮಿತ್ರ’ ಎನ್ನುತ್ತಾರೆ.

ನಾಲ್ಕನೆಯ ಹೆಜ್ಜೆ: ಅರ್ಥ ಕೂಡಿಸಿ, ಆಮೇಲೆ ನಿಘಂಟು ತೆರೆಯಿರಿ

ನೋಡುವ ಧಾತು ‘ಸ್ಪೆಕ್ತ್’ ಪುಟ ತೆರೆದು ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನಮ್ಮ ‘ಈಕ್ಷ್’ ಧಾತುವಿನ ಪದಗಳನ್ನು ಬರೆಯಿರಿ. ಇನ್‌ಸ್ಪೆಕ್ಟ್ ಒಳಹೊಕ್ಕು ನೋಡುವುದು, ರೆಸ್ಪೆಕ್ಟ್ ತಿರುಗಿ ನೋಡುವುದು, ಪ್ರಾಸ್ಪೆಕ್ಟ್ ಮುಂದೆ ನೋಡುವುದು, ಸಸ್ಪೆಕ್ಟ್ ಕೆಳಗಣ್ಣಿನಿಂದ ನೋಡುವುದು, ಪರ್ಸ್‌ಪೆಕ್ಟಿವ್ ಎಂದರೆ ಹಾಯ್ದು ನೋಡುವುದು. ಈ ಕಡೆ ಪರೀಕ್ಷೆ, ಅಪೇಕ್ಷೆ, ಉಪೇಕ್ಷೆ, ಸಮೀಕ್ಷೆ, ಪ್ರೇಕ್ಷಕ. ಒಂದು ನೋಟಕ್ಕೆ ಇಷ್ಟು ಬಗೆ ಇದೆ ಎಂದು ಎರಡು ಭಾಷೆಗಳೂ ಒಂದೇ ಉಪಾಯದಿಂದ ಹೇಳಿವೆ. ಕುಲದಿಂದ ನೋಡಿದರೆ ‘ಸ್ಪೆಕ್’ ಧಾತುವಿಗೆ ನೆಂಟ ‘ಈಕ್ಷ್’ ಅಲ್ಲ, ‘ಪಶ್ಯ’.

ಆದರೆ ತುಣುಕಿಗೆ ತುಣುಕು ಇಟ್ಟು ಅನುವಾದಿಸಬೇಡಿ. ಲ್ಯಾಟಿನ್ನಿನ ‘ಸುಬ್’ ನಮ್ಮ ‘ಉಪ’ ಒಂದೇ ಮೂಲದವು, ಹಾಗೆಂದು ‘ಸಸ್ಪೆಕ್ಟ್’ ಎಂದರೆ ಉಪೇಕ್ಷೆ ಅಲ್ಲ. ಬಿಡಿಸಿದಾಗ ಸಿಗುವುದು ಪದ ಹುಟ್ಟಿದ ಊರು. ಅದು ಇಂದು ಎಲ್ಲಿ ವಾಸವಾಗಿದೆ ಎಂದು ಹೇಳಲು ನಿಘಂಟೇ ಬೇಕು. ‘ಗವೇಷಣೆ’ ಎಂದರೆ ಮೂಲದಲ್ಲಿ ಹಸು ಹುಡುಕುವುದು, ಇಂದು ಸಂಶೋಧನೆ. ‘ಮ್ಯಾನುಫ್ಯಾಕ್ಚರ್’ ಎಂದರೆ ಕೈಯಿಂದ ಮಾಡುವುದು, ಇಂದು ಯಂತ್ರ ಮಾಡುತ್ತದೆ. ತುಣುಕುಗಳಿಗೆ ಈಗಲೂ ಜೀವ ಇದೆ ಎನ್ನುವುದಕ್ಕೆ ‘ಪ್ರಿಪೋನ್’ ಸಾಕ್ಷಿ. ‘ಪೋಸ್ಟ್‌ಪೋನ್’ ಎಂದರೆ ಹಿಂದಕ್ಕೆ ಇಡುವುದು. ದಿನಾಂಕ ಮುಂಚಿತವಾದದ್ದಕ್ಕೆ ಭಾರತೀಯರು ‘ಪ್ರಿ’ ಹಚ್ಚಿಕೊಂಡರು. ಲ್ಯಾಟಿನ್ ಲೆಕ್ಕದಲ್ಲಿ ಕಟ್ಟಡ ಸರಿಯಾಗಿಯೇ ಇದೆ.

ಎಡವುವ ಜಾಗಗಳು

‘ಇನ್’ ಎರಡು ಇವೆ. ಒಂದು ‘ಅಲ್ಲ’, ಇನ್ನೊಂದು ‘ಒಳಗೆ’. ಪೆಟ್ರೋಲ್ ಟ್ಯಾಂಕರಿನ ಹಿಂದೆ ಕೆಂಪಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದಿರುತ್ತದೆ. ಮೊದಲ ‘ಇನ್’ ಅನ್ನು ‘ಅಲ್ಲ’ ಎಂದು ಓದಿದರೆ ‘ಬೆಂಕಿ ಹತ್ತದ್ದು’ ಎಂದಾಗುತ್ತದೆ, ಅದು ಪ್ರಾಣಕ್ಕೇ ಅಪಾಯ. ಇಲ್ಲಿ ‘ಇನ್’ ಎಂದರೆ ಒಳಗೆ, ಉರಿಗೆ ಒಳಗಾಗುವಂಥದ್ದು. ‘ಫ್ಲೇಮಬಲ್’ ಎಂದರೂ ‘ಇನ್‌ಫ್ಲೇಮಬಲ್’ ಎಂದರೂ ಒಂದೇ. ಗುಣವಾಚಕದ ಹಿಂದೆ ‘ಇನ್’ ಬಂದರೆ ಹೆಚ್ಚಾಗಿ ‘ಅಲ್ಲ’, ಕ್ರಿಯಾಪದದ ಹಿಂದೆ ಬಂದರೆ ಹೆಚ್ಚಾಗಿ ‘ಒಳಗೆ’. ‘ಇನ್‌ಫ್ಲೇಮಬಲ್’ ಹುಟ್ಟಿದ್ದು ಉರಿ ಹೊತ್ತಿಸುವ ಕ್ರಿಯಾಪದದಿಂದ.

ತಲೆ ಕಂಡದ್ದೆಲ್ಲ ಉಪಸರ್ಗವಲ್ಲ. ‘ಆಪರೇಷನ್’ ಪದದಲ್ಲಿ ‘ಒಬ್’ ಇಲ್ಲ, ಕೆಲಸ ಎಂಬ ‘ಓಪುಸ್’ ಇದೆ, ಪಿ ಒಂದೇ. ‘ರೀಗಲ್’ ಪದದ ‘ರೀ’ ಉಪಸರ್ಗವಲ್ಲ, ಅದು ಅರಸ ಎಂಬ ಧಾತುವಿನ ಭಾಗ. ‘ಅಪಾಲಜಿ’ ಗ್ರೀಕ್ ಪದ, ‘ಅದ್’ ಸಂಧಿ ಅಲ್ಲಿ ನಡೆಯದು, ಪಿ ಒಂದೇ. ಸುಮ್ಮನೆ ಪರೀಕ್ಷಿಸುವ ವಿಧಾನ: ಉಪಸರ್ಗ ಎಂದುಕೊಂಡದ್ದನ್ನು ಕಳಚಿ ಬೇರೆ ಉಪಸರ್ಗ ಹಚ್ಚಿ. ‘ಪೋರ್ಟ್’ ಧಾತುವಿಗೆ ಇಂ, ಎಕ್ಸ್, ರೀ, ಟ್ರಾನ್ಸ್ ಎಲ್ಲ ಹೊಂದುತ್ತವೆ. ಒಂದೂ ಹೊಂದದಿದ್ದರೆ ನಿಘಂಟು ನೋಡದೆ ನಂಬಬೇಡಿ.

‘ಆಂಟಿ’ ಮತ್ತು ‘ಆಂಟೆ’ ಬೇರೆ. ಮೊದಲನೆಯದು ಗ್ರೀಕ್, ‘ವಿರುದ್ಧ’. ಎರಡನೆಯದು ಲ್ಯಾಟಿನ್, ‘ಮುಂಚೆ’, ಗಡಿಯಾರದ ಎ.ಎಂ. ಎಂದರೆ ಆಂಟೆ ಮೆರಿಡಿಯೆಮ್, ಮಧ್ಯಾಹ್ನಕ್ಕೆ ಮುಂಚೆ.

ಇಂಗ್ಲಿಷರೇ ತಪ್ಪಾಗಿ ಬಿಡಿಸಿ ಸ್ಪೆಲ್ಲಿಂಗ್ ಕೆಡಿಸಿದ್ದೂ ಇದೆ. ‘ಅಡ್ವಾನ್ಸ್’ ಪದದಲ್ಲಿ ‘ಅದ್’ ಇಲ್ಲವೇ ಇಲ್ಲ. ಅದು ಅಬ್ + ಆಂತೆ, ಫ್ರೆಂಚಿನಲ್ಲಿ ‘ಅವಾನ್ಸ್’. ‘ಅದ್’ ಇರಬೇಕೆಂದು ಭ್ರಮಿಸಿ ಡಿ ತುರುಕಿದರು. ‘ಡೆಟ್’ ಪದದ ಮೂಕ ಬಿ ಬೇರೆ ಬಗೆಯದು. ಫ್ರೆಂಚಿನಿಂದ ಬರುವಾಗ ಬಿ ಇರಲಿಲ್ಲ, ಲ್ಯಾಟಿನ್ ‘ದೇಬಿತುಮ್’ ನೆನಪಿಗಾಗಿ ವಿದ್ವಾಂಸರು ಮತ್ತೆ ಸೇರಿಸಿದರು. ‘ಡೆಬಿಟ್’ ಪದದಲ್ಲಿ ಅದು ಇನ್ನೂ ಕೇಳಿಸುತ್ತದೆ.

ಅಭ್ಯಾಸಕ್ಕೆ ಐದು ಪದ

ಕೆಳಗಿನ ಉತ್ತರ ಓದುವ ಮೊದಲು ಕಾಗದದ ಮೇಲೆ ಬಿಡಿಸಿ: ಕರಪ್ಷನ್, ಇರಿಗೇಷನ್, ಸಫಿಷಿಯೆಂಟ್, ಕರೆಸ್ಪಾಂಡೆನ್ಸ್, ಎಕ್ಸಿಕ್ಯುಟಿವ್.

ಕರಪ್ಷನ್: ಕೊನ್ + ರುಪ್ತ್ + ಐ-ಓ-ಎನ್, ಪೂರ್ತಿ ಒಡೆದುಹೋಗುವುದು, ಆರ್ ಎರಡು. ‘ಇಂಟರಪ್ಟ್’ ಎಂದರೆ ನಡುವೆ ಒಡೆಯುವುದು, ಅಲ್ಲೂ ಆರ್ ಎರಡು. ಇರಿಗೇಷನ್: ಇನ್ + ರಿಗ್ + ಏಷನ್. ‘ಇರ್’ ಕಂಡ ಕೂಡಲೇ ‘ಇರೆಗ್ಯುಲರ್’ ನೆನೆದು ‘ಅಲ್ಲ’ ಎಂದುಕೊಂಡಿರಾದರೆ ತಿದ್ದಿಕೊಳ್ಳಿ. ಇದು ‘ಒಳಗೆ’, ಹೊಲದೊಳಕ್ಕೆ ನೀರು ಹಾಯಿಸುವುದು. ಸಫಿಷಿಯೆಂಟ್: ಸುಬ್ + ಫಿಕ್ + ಇ-ಎನ್-ಟಿ, ಎಫ್ ಎರಡು, ‘ಮಾಡು’ ಎಂಬ ‘ಫಾಕ್’ ಧಾತುವಿನ ಸ್ವರ ಕುಗ್ಗಿ ‘ಫಿಕ್’ ಆಗಿದೆ. ಕರೆಸ್ಪಾಂಡೆನ್ಸ್: ಕೊನ್ + ರೆ + ಸ್ಪೊಂದ್ + ಇ-ಎನ್-ಸಿ-ಇ. ಎರಡು ಉಪಸರ್ಗ ಇವೆ ಎಂದು ಕಾಣದವರು ಆರ್ ಒಂದೇ ಬರೆಯುತ್ತಾರೆ. ಎಕ್ಸಿಕ್ಯುಟಿವ್: ಎಕ್ಸ್ + ಸೆಕುತ್ + ಐ-ವಿ-ಇ, ಕೊನೆಯವರೆಗೂ ಬೆನ್ನು ಹತ್ತಿ ಹೋಗುವುದು. ‘ಎಕ್ಸ್‌ಪೆಕ್ಟ್’ ಪದದಲ್ಲಿ ಆದಂತೆ ಇಲ್ಲೂ ಧಾತುವಿನ ಎಸ್ ಅನ್ನು ‘ಎಕ್ಸ್’ ನುಂಗಿದೆ. ‘ಸೀಕ್ವೆನ್ಸ್’ ಪದದಲ್ಲಿ ಅದನ್ನು ಹಾಗೆಯೇ ನೋಡಬಹುದು.